ವಿದೇಶಿ ಲ್ಯಾಬ್ ಜೊತೆ ಸಂಶೋಧನೆ ಶುರು ಮಾಡಬೇಕು, ಸೀಡ್ ಮನಿ ಎಲ್ಲಿ ಕೇಳಬೇಕು?

ಕೆರೆಕೋಡಿ

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಸಹಾಯಕ ಪ್ರಾಧ್ಯಾಪಕಿ. ಕೋಲಾರದ ಕೆರೆ ನೀರಿನ ಮೇಲೆ ಕೆಲಸ ಮಾಡುತ್ತಿದ್ದೇನೆ. ಕೆ.ಸಿ. ವ್ಯಾಲಿ ಯೋಜನೆ ನಿಮಗೆಲ್ಲ ಗೊತ್ತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಾರೆ. ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಬತ್ತಿದ ಕೊಳವೆಬಾವಿಯಲ್ಲಿ ಮತ್ತೆ ನೀರು ಕಂಡ ರೈತರಿಗೆ ಖುಷಿ ಇದೆ. ಮೂರನೇ ಹಂತದ ಸಂಸ್ಕರಣೆಯೂ ಆಗಲೇಬೇಕು ಎನ್ನುವವರೂ ಇದ್ದಾರೆ. ಆ ನೀರಿನಲ್ಲಿ ಔಷಧಿಗಳ ಅಂಶ ಎಷ್ಟು ಉಳಿದಿದೆ, ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಎಷ್ಟಿವೆ, ಕೆರೆಯಿಂದ ಬಾವಿಗೆ ಇಳಿಯುವಷ್ಟರಲ್ಲಿ ಇವೆಲ್ಲ ಎಷ್ಟು ಕಡಿಮೆಯಾಗುತ್ತವೆ ಎಂದು ನೋಡಬೇಕು.

ಬರ್ಲಿನ್‌ನ ಒಬ್ಬ ಪ್ರಾಧ್ಯಾಪಕಿಯ ಪರಿಚಯ ಆನ್‌ಲೈನ್ ಕಾರ್ಯಾಗಾರವೊಂದರಲ್ಲಿ ಆಯಿತು. ಆ ಊರಿನ ಕುಡಿಯುವ ನೀರಿನ ದೊಡ್ಡ ಪಾಲು ನದಿ, ಕೆರೆಗಳ ದಂಡೆಯ ಮಣ್ಣಿನಲ್ಲಿ ಸೋಸಿ ಬಾವಿಗೆ ಬಂದದ್ದು. ಹಾಗಾಗಿ ನನ್ನ ಪ್ರಶ್ನೆಯನ್ನೇ ಅವರು ಅಲ್ಲಿ ಬಹಳ ವರ್ಷದಿಂದ ಕೇಳುತ್ತಿದ್ದಾರೆ. ಇಬ್ಬರಿಗೂ ಆಸಕ್ತಿ ಇದೆ, ಇಬ್ಬರ ಹತ್ತಿರವೂ ಹಣ ಇಲ್ಲ. ದೊಡ್ಡ ಪ್ರಾಜೆಕ್ಟ್ ಬರೆಯೋಣ ಎಂದರೆ ಜೊತೆಯಾಗಿ ಮಾಡಿದ ಒಂದು ಕೆಲಸವೂ ತೋರಿಸಲಿಕ್ಕಿಲ್ಲ. ಸಣ್ಣದಾಗಿ ಶುರು ಮಾಡಲು ಹಣ ಎಲ್ಲಿ ಕೇಳುವುದು? ಏನೇನು ಬರೆಯಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ಧಾರವಾಡ ಮಾಸ್ತರ

ಮೇಡಂ, ಒಳ್ಳೆಯ ಪ್ರಶ್ನೆ ಹಿಡಿದಿದ್ದೀರಿ. ನಾನು ನಿವೃತ್ತನಾಗಿದ್ದೇನೆ, ಆದರೆ ಇಂಥ ಅರ್ಜಿ ಬರೆದದ್ದೂ ಉಂಟು, ಸಮಿತಿಯಲ್ಲಿ ಕುಳಿತು ಓದಿದ್ದೂ ಉಂಟು. ಮೊದಲು ಒಂದು ಮಾತು. ಸೀಡ್ ಮನಿಗೆ ಅರ್ಜಿ ಹಾಕುವವರಲ್ಲಿ ಹೆಚ್ಚಿನವರು ದೊಡ್ಡ ಪ್ರಾಜೆಕ್ಟನ್ನೇ ಸಣ್ಣ ಬಜೆಟ್ಟಿನಲ್ಲಿ ಬರೆಯುತ್ತಾರೆ. ಹತ್ತು ಕೆರೆ, ನಾಲ್ಕು ಋತು, ಎರಡು ಪಿಎಚ್‌ಡಿ, ಒಂದು ಉಪಕರಣ. ಓದುವವರಿಗೆ ಕೂಡಲೇ ಗೊತ್ತಾಗುತ್ತದೆ, ಇದು ಈ ಹಣದಲ್ಲಿ ಆಗುವ ಕೆಲಸ ಅಲ್ಲ ಎಂದು. ಈ ಹಣ ಇರುವುದು ಇಬ್ಬರೂ ಕೂಡಿ ಕೆಲಸ ಮಾಡಬಲ್ಲಿರಾ ಎಂದು ನೋಡಲಿಕ್ಕೆ. ಅಷ್ಟನ್ನೇ ಚೆನ್ನಾಗಿ ಬರೆಯಿರಿ.

ನಿಮ್ಮದು ಜರ್ಮನಿ ಆದ್ದರಿಂದ ಮೊದಲು ಡಿಎಸ್‌ಟಿ (ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ) ಮತ್ತು ಡಾಡ್ (ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ) ಕೂಡಿ ನಡೆಸುವ ಪಿಪಿಪಿ ಎಂಬ ಸಂಶೋಧಕರ ವಿನಿಮಯದ ಯೋಜನೆ ನೋಡಿ. ಎರಡು ವರ್ಷದ ಯೋಜನೆ. ಅದರಲ್ಲಿ ಓಡಾಟಕ್ಕೆ, ಅಲ್ಲಿ ಉಳಿಯಲಿಕ್ಕೆ ಮಾತ್ರ ಹಣ. ಉಪಕರಣ, ಸಂಬಳ ಕೇಳುವ ಹಾಗಿಲ್ಲ. ನೀವು ಡಿಎಸ್‌ಟಿಗೆ, ಅವರು ಡಾಡ್‌ಗೆ, ಒಂದೇ ಪ್ರಸ್ತಾವವನ್ನು ಎರಡೂ ಕಡೆ ಹಾಕಬೇಕು. ಒಂದೇ ಕಡೆ ಹಾಕಿದರೆ ಪರಿಗಣಿಸುವುದೇ ಇಲ್ಲ. ಎರಡು ಅರ್ಜಿಯ ಶೀರ್ಷಿಕೆ, ಹೆಸರು, ಭೇಟಿಯ ಲೆಕ್ಕ ಒಂದಕ್ಕೊಂದು ಹೊಂದಬೇಕು. ಕಿರಿಯ ಸಂಶೋಧಕರು ತಂಡದಲ್ಲಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಇಂಡೋ-ಜರ್ಮನ್ ವಿಜ್ಞಾನ ಮತ್ತು ತಂತ್ರಜ್ಞಾನ ಕೇಂದ್ರ ಅಂತ ಗುರುಗ್ರಾಮದಲ್ಲಿ ಒಂದಿದೆ, 2010ರಲ್ಲಿ ಎರಡೂ ಸರ್ಕಾರ ಸೇರಿ ಮಾಡಿದ್ದು. ಅವರ ದೊಡ್ಡ ಯೋಜನೆಗೆ ಎರಡೂ ದೇಶದಿಂದ ಒಂದೊಂದು ಸಂಶೋಧನಾ ಸಂಸ್ಥೆ, ಒಂದೊಂದು ಕಂಪನಿ ಬೇಕು. ನಿಮಗೆ ಈಗಲೇ ಬೇಡ. ಆದರೆ ಎಳೆಯ ಸಂಶೋಧಕರನ್ನು ಜೋಡಿಯಾಗಿ ಬೆಂಬಲಿಸುವ ಪೆಕ್‌ಫಾರ್, ಮಹಿಳಾ ವಿಜ್ಞಾನಿಗಳಿಗೇ ಇರುವ ವೈಸರ್ ಎರಡೂ ಅಲ್ಲಿವೆ. ವೈಸರ್ ಖಂಡಿತ ನೋಡಿ. ಅದಕ್ಕೆ ವಯಸ್ಸಿನ ಮಿತಿ ಇಲ್ಲ.

ಇಲ್ಲಿನ ಮೊದಲ ಅಂಕಿ-ಅಂಶಕ್ಕೆ ರಾಜ್ಯದ ವಿಜಿಎಸ್‌ಟಿ, ಅಂದರೆ ವಿಜ್ಞಾನ ಮತ್ತು ತಂತ್ರಜ್ಞಾನದ ವಿಷನ್ ಗ್ರೂಪ್ ಇದೆ. ಎಳೆಯ ವಿಜ್ಞಾನಿಗಳಿಗೆ ಸೀಡ್ ಮನಿ ಎಂದೇ ಒಂದು ಯೋಜನೆಯನ್ನು ಅವರು ನಡೆಸಿಕೊಂಡು ಬಂದಿದ್ದಾರೆ. ಒಂದು ಕಡೆಯಿಂದ ಓಡಾಟದ ಹಣ, ಇನ್ನೊಂದು ಕಡೆಯಿಂದ ಕೆಮಿಕಲ್, ಗಾಜಿನ ಸಾಮಾನಿನ ಹಣ. ಹೀಗೆ ಜೋಡಿಸಿಕೊಳ್ಳುವುದು ನಮ್ಮಲ್ಲಿ ನಡೆಯುವ ದಾರಿ.

ಕೆರೆಕೋಡಿ

ಧನ್ಯವಾದ ಸರ್. ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಕೂಡಿ ಸಂಶೋಧನೆ ಮಾಡಲು ಕೇಂದ್ರ ಹಣ ಕೊಡುವ ಸ್ಪಾರ್ಕ್ ಯೋಜನೆಗೆ ಹಾಕಬಹುದಾ? ನಮ್ಮ ಡೀನ್ ಅದನ್ನೇ ಹೇಳುತ್ತಿದ್ದರು.

ಧಾರವಾಡ ಮಾಸ್ತರ

2018ರಲ್ಲಿ ಅದು ಶುರುವಾದಾಗಿನಿಂದ ಐಐಟಿ ಖರಗ್‌ಪುರ ನೋಡಿಕೊಳ್ಳುತ್ತಿದೆ. ಭಾರತದ ಸಂಸ್ಥೆ ಕೇಂದ್ರದ ಎನ್‌ಐಆರ್‌ಎಫ್ ರ್ಯಾಂಕಿಂಗ್ ಪಟ್ಟಿಯಲ್ಲಿ ಒಟ್ಟಾರೆ ಇಲ್ಲವೇ ತನ್ನ ವಿಭಾಗದಲ್ಲಿ ಮೊದಲ ನೂರರೊಳಗೆ ಇರಬೇಕು ಎಂಬುದು ಅವರು ಆಗ ಇಟ್ಟ ಷರತ್ತು. ಹೊರದೇಶದ ವಿಶ್ವವಿದ್ಯಾಲಯಕ್ಕೂ ಜಾಗತಿಕ ಪಟ್ಟಿಯ ಮಿತಿ ಉಂಟು. ನಿಮ್ಮ ವಿಶ್ವವಿದ್ಯಾಲಯ ಆ ನೂರರಲ್ಲಿ ಇದೆಯಾ ಎಂದು ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಸುಮ್ನೆ ಎರಡು ತಿಂಗಳು ಅರ್ಜಿ ಬರೆದು ಕೂರುವುದು ಬೇಡ. ಇನ್ನೊಂದು, ಸ್ಪಾರ್ಕ್ ಈ ಮೊದಲ ಪರಿಚಯದ ಹಂತ ದಾಟಿದವರಿಗೆ ಹೆಚ್ಚು ಒಗ್ಗುತ್ತದೆ.

ಅವರನ್ನು ಇಲ್ಲಿಗೆ ಕರೆಸಿ ಒಂದು ಸಣ್ಣ ಕೋರ್ಸ್ ಮಾಡಿಸುವುದಾದರೆ ಕೇಂದ್ರದ ಗಿಯಾನ್ ಯೋಜನೆ ಇದೆ, 2015ರದ್ದು. 12ರಿಂದ 14 ಗಂಟೆಯ ಪಾಠಕ್ಕೆ 8,000 ಡಾಲರ್ ವರೆಗೆ, 20ರಿಂದ 28 ಗಂಟೆಗೆ 12,000 ಡಾಲರ್ ವರೆಗೆ ಅತಿಥಿಗೆ ಕೊಡುತ್ತಾರೆ. ಪಾಠದ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ಅವರನ್ನು ಕೆರೆಗೆ ಕರೆದುಕೊಂಡು ಹೋಗಿ.

ಲೈಪ್ಸಿಗ್ ಕನ್ನಡತಿ

ನಮಸ್ತೆ ಅಕ್ಕ. ನಾನು ಜರ್ಮನಿಯಲ್ಲೇ ನೀರಿನ ರಸಾಯನಶಾಸ್ತ್ರದಲ್ಲಿ ಪೋಸ್ಟ್‌ಡಾಕ್. ಈ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ.

ವಿದೇಶಿ ವಿಶ್ವವಿದ್ಯಾಲಯಗಳಲ್ಲೂ ಇಂಥ ಸಣ್ಣ ನಿಧಿ ಬೇಕಾದಷ್ಟು ಇವೆ. ಆದರೆ ಅರ್ಜಿ ಹಾಕಬೇಕಾದವರು ಅಲ್ಲಿನ ಅಧ್ಯಾಪಕರು. ಎಂಐಟಿಯ ಮಿಸ್ಟಿ ಗ್ಲೋಬಲ್ ಸೀಡ್ ಫಂಡ್ ಹೀಗೆಯೇ. ಎಂಐಟಿ ಅಧ್ಯಾಪಕರು ಅರ್ಜಿ ಹಾಕುತ್ತಾರೆ, ಓಡಾಟ ಮತ್ತು ಸಭೆಗಳಿಗೆ ಹಣ, ಸಂಬಳಕ್ಕೆ ಇಲ್ಲ, ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಿ ಎನ್ನುತ್ತಾರೆ. ಸ್ವೀಡನ್‌ನಲ್ಲಿ ಸ್ಟಿಂಟ್ ಎಂಬ ಪ್ರತಿಷ್ಠಾನ ಹೊಸ ಸಹಯೋಗ ಶುರು ಮಾಡುವುದಕ್ಕೆಂದೇ ಹಣ ಕೊಡುತ್ತದೆ. ಸ್ವಿಟ್ಜರ್ಲೆಂಡ್ ಸರ್ಕಾರ ದಕ್ಷಿಣ ಏಷ್ಯಾದ ಜೊತೆಗಿನ ಸಹಯೋಗದ ಹೊಣೆಯನ್ನು ಜ್ಯೂರಿಕ್‌ನ ಅನ್ವಯಿಕ ವಿಜ್ಞಾನ ವಿಶ್ವವಿದ್ಯಾಲಯಕ್ಕೆ ವಹಿಸಿದೆ. ಆದ್ದರಿಂದ ನಿಮ್ಮ ಬರ್ಲಿನ್ ಮೇಡಂಗೆ ನೇರವಾಗಿ ಕೇಳಿ: ನಿಮ್ಮ ವಿಶ್ವವಿದ್ಯಾಲಯದ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಇಂಥದ್ದು ಏನಿದೆ? ಎಷ್ಟೋ ಅಧ್ಯಾಪಕರಿಗೆ ತಮ್ಮ ಕ್ಯಾಂಪಸ್ಸಿನಲ್ಲೇ ಇರುವ ನಿಧಿ ಗೊತ್ತಿರುವುದಿಲ್ಲ. ಕೇಳುವುದಕ್ಕೆ ಸಂಕೋಚ ಬೇಡ. ಇಲ್ಲಿ ಅದನ್ನು ಯಾರೂ ಕೆಟ್ಟದಾಗಿ ತಿಳಿಯುವುದಿಲ್ಲ.

ಸಮಯದ್ದು ಒಂದು ವಿಷಯ. ಇಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ, ಬೇಸಿಗೆಯದ್ದು ಏಪ್ರಿಲ್‌ನಲ್ಲಿ ಶುರು. ಫೆಬ್ರವರಿ ಕೊನೆಯಿಂದ ಮಾರ್ಚ್, ಹಾಗೆಯೇ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಪಾಠ ಇರುವುದಿಲ್ಲ. ಅವರು ನಿಮ್ಮ ಕಡೆ ಬರಲು ಮಾರ್ಚ್ ಸರಿ. ಕೆರೆ ನೀರು ಇಳಿದು ಅಂಶಗಳು ಗಾಢವಾಗಿರುವ ಹೊತ್ತು ಅದು, ಅಲ್ವಾ? ನೀವು ಇಲ್ಲಿಗೆ ಆಗಸ್ಟ್‌ನಲ್ಲಿ ಬನ್ನಿ.

ಕೆಲಸ ಏನು ಮಾಡಬೇಕು ಅಂದರೆ, ಒಂದೇ ನೀರನ್ನು ಎರಡೂ ಲ್ಯಾಬಿನಲ್ಲಿ ಅಳೆಯಿರಿ. ಬಣ್ಣದ ಗಾಜಿನ ಬಾಟಲಿಯಲ್ಲಿ ನೀರು ಹಿಡಿದು, ಐಸ್ ಪೆಟ್ಟಿಗೆಯಲ್ಲಿಟ್ಟು, ಸಂಜೆಯೊಳಗೆ ಲ್ಯಾಬಿಗೆ ತಂದು ಗ್ಲಾಸ್ ಫೈಬರ್ ಫಿಲ್ಟರ್‌ನಲ್ಲಿ ಸೋಸಿ. ಆಮೇಲೆ ಅಳತೆ ಮಾಡಿದ ನೀರನ್ನು ಎಸ್‌ಪಿಇ ಕಾರ್ಟ್ರಿಜ್ ಮೂಲಕ ನಿಧಾನವಾಗಿ ಹಾಯಿಸಿ. ಬೆರಳುದ್ದದ ಪ್ಲಾಸ್ಟಿಕ್ ಕೊಳವೆ ಅದು, ಔಷಧಿಯ ಅಂಶ ಅದರೊಳಗೆ ಹಿಡಿದುಕೊಳ್ಳುತ್ತದೆ. ಲೀಟರುಗಟ್ಟಲೆ ನೀರು ಹೊತ್ತು ವಿಮಾನ ಹತ್ತುವ ಬದಲು ಒಣಗಿಸಿ, ತಣ್ಣಗಿಟ್ಟ ಕಾರ್ಟ್ರಿಜ್‌ಗಳನ್ನು ತಂದರೆ ಸಾಕು. ಕಾರ್ಬಮಜಪೀನ್ ಅಂಥ ಸುಲಭವಾಗಿ ಕೊಳೆಯದ ಔಷಧಿಯನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಎರಡು ಲ್ಯಾಬಿನ ಅಂಕಿ ಹತ್ತಿರ ಬಂದರೆ ಮುಂದಿನ ದೊಡ್ಡ ಅರ್ಜಿಗೆ ಅದೇ ಬುನಾದಿ. ದೂರ ಇದ್ದರೆ ಏಕೆ ಎಂದು ಹುಡುಕುವುದೇ ಮೊದಲ ವರ್ಷದ ಕೆಲಸ.

ಲೆಕ್ಕಶಾಖೆ

ನಾನು ಅಧ್ಯಾಪಕನಲ್ಲ, ವಿಶ್ವವಿದ್ಯಾಲಯವೊಂದರ ಹಣಕಾಸು ವಿಭಾಗದಲ್ಲಿ ಸೂಪರಿಂಟೆಂಡೆಂಟ್. ಪ್ರಾಜೆಕ್ಟ್ ಫೈಲುಗಳು ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತವೆ. ಮೇಡಂ, ಅರ್ಜಿ ಹಾಕುವ ಮೊದಲೇ ನಿಮ್ಮ ಲೆಕ್ಕಶಾಖೆಗೆ ಒಮ್ಮೆ ಹೋಗಿ ಬನ್ನಿ. ಮಂಜೂರಾದ ಮೇಲೆ ಬರುವವರೇ ಜಾಸ್ತಿ. ಆಗ ನಮಗೂ ಕಷ್ಟ, ನಿಮಗೂ ಕಷ್ಟ.

ಅನೇಕ ಕೇಂದ್ರ ಯೋಜನೆಗಳಲ್ಲಿ ಈಗ ಹಣ ನಮ್ಮ ಖಾತೆಗೆ ಬಂದು ಕೂರುವುದಿಲ್ಲ. ಇಂತಿಷ್ಟು ಮಿತಿ ಅಂತ ಕೊಡುತ್ತಾರೆ, ಖರ್ಚಾದಂತೆ ಪಿಎಫ್‌ಎಂಎಸ್ ಎಂಬ ಕೇಂದ್ರದ ಆನ್‌ಲೈನ್ ಪಾವತಿ ವ್ಯವಸ್ಥೆಯ ಮೂಲಕ ಎಳೆದುಕೊಳ್ಳಬೇಕು. ಮಾರ್ಚ್ 31ಕ್ಕೆ ಉಳಿದದ್ದು ನಿಲ್ಲುವುದಿಲ್ಲ. ಅತಿಥಿ ಮಾರ್ಚ್‌ನಲ್ಲಿ ಬರುತ್ತಾರೆ ಎಂದರೆ ಬಿಲ್ಲುಗಳು ಅದೇ ತಿಂಗಳು ಮುಗಿಯಬೇಕು. ಹೋಟೆಲಿನವರು ಏಪ್ರಿಲ್‌ನಲ್ಲಿ ಬಿಲ್ ಕಳಿಸಿದರೆ ನಾನು ಏನೂ ಮಾಡಲಾರೆ. ಹಾಗಾಗಿ ಸಾಧ್ಯವಾದರೆ ಮಾರ್ಚ್ ಮೊದಲ ವಾರ ಇಟ್ಟುಕೊಳ್ಳಿ, ಇಲ್ಲವೇ ಫೆಬ್ರವರಿ ಕೊನೆ.

ಕೇಂದ್ರದ ಹಣದಲ್ಲಿ ವಿಮಾನ ಟಿಕೆಟ್ ಎಂದರೆ ಬಾಮರ್ ಲಾರಿ, ಅಶೋಕ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರರಲ್ಲಿ ಒಂದರಿಂದ ತೆಗೆಯಬೇಕು. ಬೇರೆ ಆ್ಯಪ್‌ನಲ್ಲಿ ಎರಡು ಸಾವಿರ ಕಡಿಮೆ ಸಿಕ್ಕಿತು ಎಂದು ತೆಗೆದರೆ ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆ. ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಹಣ ಬಳಕೆ ಪ್ರಮಾಣಪತ್ರ, ಅಂದರೆ ಯುಸಿ, ಕೇಂದ್ರದ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ನಮೂನೆಯಲ್ಲಿ. ಅದರ ಜೊತೆ ಖರ್ಚಿನ ವಿವರ ಬೇರೆ. ಬಡ್ಡಿ ಬಂದಿದ್ದರೆ ಅದು ಕೇಂದ್ರದ ಸಂಚಿತ ನಿಧಿಗೆ ವಾಪಸ್. ಮೊದಲ ವರ್ಷದ ಯುಸಿ ಹೋಗದೆ ಎರಡನೇ ಕಂತು ಬರುವುದಿಲ್ಲ. ಒಳ್ಳೆಯ ಪ್ರಾಜೆಕ್ಟುಗಳು ಇಲ್ಲಿಯೇ ಸೊರಗುವುದನ್ನು ನೋಡಿದ್ದೇನೆ. ವಿಜ್ಞಾನದಲ್ಲಿ ಏನೂ ತೊಂದರೆ ಇರುವುದಿಲ್ಲ, ಒಂದು ಸಹಿ ಬಿದ್ದಿರುವುದಿಲ್ಲ. ಸಂಕಟ ಆಗುತ್ತದೆ.

ತುಮಕೂರು ರಸ್ತೆ

ನಮ್ಮ ಪಾಡು ಬೇರೆ. ನಾನು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದೇನೆ. ವಿಟಿಯು ಸಂಯೋಜಿತ, ಟ್ರಸ್ಟ್ ನಡೆಸುವ ಕಾಲೇಜು. ಹೊರದೇಶದ ಸ್ನೇಹಿತರೊಬ್ಬರು ತಮ್ಮ ಸೀಡ್ ಹಣದಲ್ಲಿ ಒಂದು ಭಾಗ ನಮಗೆ ಕಳಿಸುತ್ತೇವೆ ಎಂದರು. ವಿದೇಶಿ ಹಣ ಪಡೆಯಲು ಬೇಕಾದ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ನಮ್ಮ ಟ್ರಸ್ಟಿಗೆ ಇಲ್ಲ. ಅಲ್ಲಿಗೆ ಮಾತು ನಿಂತಿತು. ಪರಿಚಯದ ಸ್ವಯಂಸೇವಾ ಸಂಸ್ಥೆಯೊಂದರ ಮೂಲಕ ತರಿಸೋಣ ಎಂದು ಯಾರೋ ಹೇಳಿದರು.

ಲೆಕ್ಕಶಾಖೆ

ಸರ್, ಆ ದಾರಿ ಬೇಡವೇ ಬೇಡ. 2020ರ ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವ ಹಾಗಿಲ್ಲ. ನೋಂದಣಿ ಇದ್ದವರೂ ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ತರಿಸಬೇಕು. ಕಾಯ್ದೆಯಿಂದ ಸ್ಥಾಪನೆಯಾಗಿ, ಪೂರ್ತಿ ಸರ್ಕಾರದ್ದಾಗಿ, ಸಿಎಜಿ ಆಡಿಟ್ ಕಡ್ಡಾಯ ಇರುವ ಸಂಸ್ಥೆಗಳಿಗೆ ವಿನಾಯಿತಿ ಇದೆ. ಕೆರೆಕೋಡಿ ಮೇಡಂ, ನಿಮ್ಮ ವಿಶ್ವವಿದ್ಯಾಲಯ ಅದರಲ್ಲಿ ಬರುತ್ತದಾ ಎಂದು ರಿಜಿಸ್ಟ್ರಾರ್ ಕಚೇರಿಯಿಂದ ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತು ಸಾಲದು.

ಲೈಪ್ಸಿಗ್ ಕನ್ನಡತಿ

ತುಮಕೂರಿನ ಸರ್, ಹಣ ನಿಮ್ಮ ಕಾಲೇಜಿಗೆ ಬರಲೇಬೇಕು ಎಂದಿಲ್ಲ. ಅವರ ಹಣ ಅಲ್ಲೇ ಇರಲಿ, ಅವರ ವಿದ್ಯಾರ್ಥಿ ನಿಮ್ಮಲ್ಲಿಗೆ ಬರುವ ಖರ್ಚು ಅವರೇ ನೋಡಿಕೊಳ್ಳಲಿ. ನಿಮ್ಮ ಕಡೆಯ ಕೆಲಸವನ್ನು ನಿಮ್ಮ ಹಣದಲ್ಲಿ ಮಾಡಿ. ಎರಡು ಪರ್ಸ್, ಒಂದೇ ಕೆಲಸ. ಎಷ್ಟೋ ಸಹಯೋಗಗಳು ಹೀಗೆಯೇ ನಡೆಯುತ್ತಿವೆ.

ಬಿಸಿಲೂರು ಅತಿಥಿ

ಎಲ್ಲರ ಮಾತೂ ಸರಿ ಇದೆ. ನನ್ನದೊಂದು ಕೇಳಿ. ನಾನು ಅತಿಥಿ ಉಪನ್ಯಾಸಕ. ಪಿಎಚ್‌ಡಿ ಇದೆ, ಪೇಪರ್ ಇದೆ. ಕಲ್ಯಾಣ ಕರ್ನಾಟಕದ ಅಂತರ್ಜಲದ ಫ್ಲೋರೈಡ್, ಆರ್ಸೆನಿಕ್ ಮೇಲೆ ಕೆಲಸ ಮಾಡಿದ್ದೇನೆ. ಮೇಲೆ ಹೇಳಿದ ಯೋಜನೆಗಳ ಅರ್ಹತೆ ತೆಗೆದು ನೋಡಿದರೆ ಕಾಯಂ ಹುದ್ದೆ ಬೇಕು. ಕಾಯಂ ಹುದ್ದೆ ಖಾಲಿ ಬಿದ್ದಿವೆ, ಭರ್ತಿ ಆಗುತ್ತಿಲ್ಲ. ಪಾಠದ ಹೊರೆ ಹೊರುವವರು ನಾವು. ಸಂಶೋಧನೆಗೆ ಹಣ ಕೇಳಲು ನಮಗೆ ಬಾಗಿಲೇ ಇಲ್ಲ.

ಇನ್ನೊಂದು ಭಯವೂ ಇದೆ. ಹೊರದೇಶದವರ ಜೊತೆ ಎಂದರೆ ಕೊನೆಗೆ ನಾವು ಸ್ಯಾಂಪಲ್ ತುಂಬಿಕೊಡುವವರು, ಅವರು ಪೇಪರ್ ಬರೆಯುವವರು. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಹಾಗೇ ಆಯಿತು. ಬಾವಿ ಬಾವಿ ಅಲೆದು ನೀರು ತಂದವರ ಹೆಸರು ಕೃತಜ್ಞತೆಯ ಸಾಲಿನಲ್ಲಿ ಬಂತು.

ಧಾರವಾಡ ಮಾಸ್ತರ

ತಮ್ಮಾ, ನಿನ್ನ ಮಾತು ನೂರಕ್ಕೆ ನೂರು ಸರಿ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಹುದ್ದೆ ತುಂಬಬೇಕು, ಅದು ಸರ್ಕಾರದ ಕೆಲಸ. ಅಲ್ಲಿಯವರೆಗೆ ಕಾಯಂ ಇದ್ದವರು ಮಾಡಬಹುದಾದದ್ದು ಇದೆ. ತಂಡದ ಪಟ್ಟಿಯಲ್ಲಿ ಅತಿಥಿ ಉಪನ್ಯಾಸಕರ ಹೆಸರನ್ನು ಹಾಕಲು ಅವಕಾಶ ಇದೆಯಾ ಎಂದು ಪ್ರತಿ ಸಲವೂ ಕೇಳಿ. ಪ್ರಕಟಣೆಯಲ್ಲಿ ಸ್ಪಷ್ಟವಾಗಿ ಬೇಡ ಎಂದಿಲ್ಲದಿದ್ದರೆ ಕೇಳಿದವರಿಗೆ ಕೆಲವೊಮ್ಮೆ ಸಿಗುತ್ತದೆ.

ಪೇಪರಿನ ಹೆಸರಿನ ವಿಷಯ ಸೀಡ್ ಹಂತದಲ್ಲೇ ಬರೆದುಕೊಳ್ಳಬೇಕು. ಯಾರು ಮೊದಲ ಲೇಖಕರು, ಅಂಕಿ-ಅಂಶ ಎಲ್ಲಿ ಇರುತ್ತದೆ, ನಮ್ಮ ವಿದ್ಯಾರ್ಥಿ ಅಲ್ಲಿ ಹೋಗಿ ಉಪಕರಣವನ್ನು ತಾನೇ ಓಡಿಸುತ್ತಾನಾ ಇಲ್ಲ ನೋಡಿಕೊಂಡು ಬರುತ್ತಾನಾ. ಎರಡು ಪುಟದ ಒಪ್ಪಂದ ಸಾಕು. ಪರಿಚಯ ಹೊಸದು, ಇದನ್ನೆಲ್ಲ ಹೇಗೆ ಕೇಳುವುದು ಎಂದು ನಮ್ಮವರು ಹಿಂಜರಿಯುತ್ತಾರೆ. ಹೊಸದಾಗಿರುವಾಗಲೇ ಕೇಳಬೇಕು. ದೊಡ್ಡ ಹಣ ಬಂದ ಮೇಲೆ ಕೇಳಿದರೆ ಜಗಳ.

ನಮ್ಮ ಹತ್ತಿರದ್ದೇ ಒಂದು ಉದಾಹರಣೆ ನೋಡಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಗೋಟಿಂಗನ್, ಕಾಸೆಲ್ ವಿಶ್ವವಿದ್ಯಾಲಯಗಳು ಬೆಂಗಳೂರು ಬೆಳೆದಂತೆ ಸುತ್ತಲಿನ ಹಳ್ಳಿಯ ಕೃಷಿ ಹೇಗೆ ಬದಲಾಗುತ್ತದೆ ಎಂಬ ಬಗ್ಗೆ 2016ರಿಂದ ಕೂಡಿ ಕೆಲಸ ಮಾಡಿದವು. ಅವರ ಕಡೆಗೆ ಜರ್ಮನಿಯ ಸಂಶೋಧನಾ ನಿಧಿ ಸಂಸ್ಥೆ ಡಿಎಫ್‌ಜಿ, ನಮ್ಮ ಕಡೆಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಡಿಬಿಟಿ ಹಣ ಕೊಟ್ಟಿತು. ಎರಡೂ ಕಡೆ ಸ್ವಂತ ಹಣ ಇದ್ದಾಗ ಮಾತಾಡುವ ಧಾಟಿಯೇ ಬೇರೆ ಇರುತ್ತದೆ. ಸೀಡ್ ಅರ್ಜಿ ಬರೆಯುವಾಗಲೂ ನಮ್ಮ ಕಡೆಯ ಹಣ ಯಾವುದು ಎಂದು ಸಣ್ಣದಾದರೂ ತೋರಿಸಿ.

ಕಡಲತಡಿ

ವಿಜ್ಞಾನದವರ ನಡುವೆ ನಾನೊಬ್ಬಳು ಸಾಹಿತ್ಯದವಳು. ನಮ್ಮ ವಿಭಾಗಗಳಲ್ಲಿ ಸಹಯೋಗ ಎಂದರೆ ನಮಗಲ್ಲ ಎಂದು ಬಿಟ್ಟುಬಿಡುತ್ತಾರೆ. ಹಾಗೇನಿಲ್ಲ. ಜರ್ಮನಿಯ ವ್ಯೂರ್ತ್ಸ್‌ಬುರ್ಗ್‌ನಲ್ಲಿ ಹೈಡ್ರೂನ್ ಬ್ರೂಕ್ನರ್ ತುಳು ಪಾಡ್ದನಗಳ ಮೇಲೆ ಕೆಲಸ ಮಾಡಿದರು. ನಮ್ಮ ಬಿ.ಎ. ವಿವೇಕ ರೈ ಅಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಮೆಷಿನ್ ಇಲ್ಲ, ಲ್ಯಾಬ್ ಇಲ್ಲ. ಒಬ್ಬರು ಇನ್ನೊಬ್ಬರ ಊರಿಗೆ ಹೋಗಿ, ಹಾಡುವವರ ಮುಂದೆ ಕೂತು ಕೇಳುವುದೇ ಸಂಶೋಧನೆ. ಅದಕ್ಕೆ ಬೇಕಾದದ್ದು ಓಡಾಟದ ಹಣ, ಜೊತೆಗೆ ಬಿಡುವು. ಕೆನಡಾ ಜೊತೆ ಕೆಲಸ ಮಾಡುವವರಿಗೆ 1968ರಿಂದ ಶಾಸ್ತ್ರಿ ಇಂಡೋ-ಕೆನಡಿಯನ್ ಸಂಸ್ಥೆ ಇದೆ, ಸಮಾಜ ವಿಜ್ಞಾನ, ಮಾನವಿಕಗಳವರಿಗೂ ಬಾಗಿಲು ತೆರೆದಿದೆ. ಸ್ಪಾರ್ಕ್‌ನಲ್ಲೂ ನಮ್ಮ ವಿಷಯಗಳಿಗೆ ಜಾಗ ಇದೆ.

ಕೆರೆಕೋಡಿ

ಎಲ್ಲರಿಗೂ ತುಂಬ ಧನ್ಯವಾದ. ಒಂದು ಗೊಂದಲ ಉಳಿದಿದೆ. ಔಷಧಿಗೆ ಕಾರ್ಟ್ರಿಜ್ ಸರಿ. ಆದರೆ ಬ್ಯಾಕ್ಟೀರಿಯಾದ ಭಾಗಕ್ಕೆ ನೀರನ್ನೋ ಡಿಎನ್‌ಎಯನ್ನೋ ಅಲ್ಲಿಗೆ ಕಳಿಸಬಹುದಾ?

ಸೂಕ್ಷ್ಮಜೀವಿ

ಮೇಡಂ, ಇಲ್ಲಿ ಬಹಳ ಜಾಗ್ರತೆ ಬೇಕು. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಜೈವಿಕ ಸಂಪನ್ಮೂಲ ಎಂದರೆ ಗಿಡ, ಪ್ರಾಣಿ ಮಾತ್ರ ಅಲ್ಲ, ಸೂಕ್ಷ್ಮಜೀವಿಗಳೂ ಸೇರುತ್ತವೆ. ವಿದೇಶಿಯರು ಅದನ್ನು ಸಂಶೋಧನೆಗೆ ಪಡೆಯಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಸೆಕ್ಷನ್ 5ರಲ್ಲಿ ಸಹಯೋಗದ ಪ್ರಾಜೆಕ್ಟುಗಳಿಗೆ ವಿನಾಯಿತಿ ಇದೆ, ಆದರೆ ಕೇಂದ್ರದ ಮಾರ್ಗಸೂಚಿಯಂತೆ ಅನುಮೋದನೆ ಪಡೆದ ಪ್ರಾಜೆಕ್ಟುಗಳಿಗೆ ಮಾತ್ರ. ಇಮೇಲ್‌ನಲ್ಲಿ ಮಾತಾಡಿಕೊಂಡು, ಅವರ ವಿಶ್ವವಿದ್ಯಾಲಯದ ಸಣ್ಣ ನಿಧಿಯಲ್ಲಿ ಶುರು ಮಾಡಿದ ಕೆಲಸಕ್ಕೆ ಆ ರಕ್ಷಣೆ ತಾನಾಗಿ ಬರುವುದಿಲ್ಲ. ಡಿಎಸ್‌ಟಿ ಮೂಲಕ ಹೋಗುವುದರ ಒಂದು ಲಾಭ ಇದು. ಆಗಲೂ ಅನುಮೋದನೆಯ ಪತ್ರದಲ್ಲಿ ಏನಿದೆ ಎಂದು ಓದಿ.

ಮೊದಲ ಹಂತದಲ್ಲಿ ಏನನ್ನೂ ಕಳಿಸದಿರುವುದೇ ನನ್ನ ಸಲಹೆ. ಡಿಎನ್‌ಎ ಇಲ್ಲೇ ತೆಗೆಯಿರಿ, ಅದರ ಅಕ್ಷರಕ್ರಮ ಓದುವ ಸೀಕ್ವೆನ್ಸಿಂಗ್ ಬೆಂಗಳೂರಿನಲ್ಲೇ ಆಗುತ್ತದೆ. ನಿಮ್ಮಲ್ಲಿ ಉಪಕರಣ ಇಲ್ಲದಿದ್ದರೆ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಬೇರೆ ಸಂಸ್ಥೆಗಳ ಉಪಕರಣ ಹುಡುಕಿ ಕಾದಿರಿಸಬಹುದು. 2020ರ ಜನವರಿಯಲ್ಲಿ ಜಿಕೆವಿಕೆಯಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್‌ನಲ್ಲಿ ಅದು ಉದ್ಘಾಟನೆ ಆಯಿತು. ಬರ್ಲಿನ್ ಮೇಡಂ ಬಂದಾಗ ಇಲ್ಲಿಯೇ ಕೂತು ವಿಶ್ಲೇಷಣೆ ಮಾಡಲಿ. ನಿಮ್ಮ ವಿದ್ಯಾರ್ಥಿಗಳು ಕಲಿಯುತ್ತಾರೆ.

ಮುಂದೆ ಜನರ ರಕ್ತ, ಮಲದ ಸ್ಯಾಂಪಲ್ ಸೇರಿಸುವ ಯೋಚನೆ ಇದ್ದರೆ ಐಸಿಎಂಆರ್‌ನಲ್ಲಿರುವ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಗೆ ಹೋಗಬೇಕಾಗುತ್ತದೆ. ಸೀಡ್ ಹಂತದಲ್ಲಿ ಅದನ್ನು ಮುಟ್ಟಬೇಡಿ.

ಕೆರೆಕೋಡಿ

ಹಾಗಾದರೆ ನಾನು ಹೀಗೆ ಮಾಡುತ್ತೇನೆ. ಪಿಪಿಪಿಗೆ ಅರ್ಜಿ, ವಿಷಯ ಔಷಧಿಯ ಅಂಶ ಮಾತ್ರ. ಒಂದು ಕೆರೆ, ಅದರ ಕೆಳಗಿನ ಕೆಲವು ಕೊಳವೆಬಾವಿ, ಮಳೆಗಾಲದ ಮೊದಲು ಮತ್ತು ನಂತರ. ಬ್ಯಾಕ್ಟೀರಿಯಾ ಕೆಲಸ ಇಲ್ಲೇ, ವಿಜಿಎಸ್‌ಟಿ ಹಣ ಸಿಕ್ಕರೆ. ಬರ್ಲಿನ್‌ಗೆ ನನ್ನ ಜೊತೆ ಪಿಎಚ್‌ಡಿ ವಿದ್ಯಾರ್ಥಿನಿ ಬರುತ್ತಾಳೆ. ಅವಳ ಊರು ಮುಳಬಾಗಿಲು ಕಡೆ, ಆ ಬಾವಿಗಳ ನೀರನ್ನೇ ಕುಡಿದು ಬೆಳೆದವಳು. ಮೊದಲ ಪೇಪರಿನ ಮೊದಲ ಹೆಸರು ಅವಳದ್ದು ಎಂದು ಬರ್ಲಿನ್ ಮೇಡಂಗೆ ಇವತ್ತೇ ಬರೆದಿದ್ದೇನೆ, ಒಪ್ಪಿದ್ದಾರೆ. ಬಿಸಿಲೂರು ಸರ್, ನಮ್ಮ ವಿಭಾಗದಲ್ಲಿ ಸ್ಯಾಂಪಲಿಂಗ್ ಗೊತ್ತಿರುವ ಅತಿಥಿ ಉಪನ್ಯಾಸಕಿ ಒಬ್ಬರಿದ್ದಾರೆ. ಅವರ ಹೆಸರನ್ನು ತಂಡದಲ್ಲಿ ಸೇರಿಸಬಹುದಾ ಎಂದು ಡಿಎಸ್‌ಟಿಗೆ ಕೇಳಿದ್ದೇನೆ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ.

ಕೊನೆಯದಾಗಿ ಲೆಕ್ಕಶಾಖೆಯವರಿಗೆ ಒಂದು ಪ್ರಶ್ನೆ. ಬರ್ಲಿನ್‌ನಲ್ಲಿ ಗೆಸ್ಟ್ ಹೌಸ್ ಉಚಿತವಾಗಿ ಕೊಡುತ್ತೇವೆ ಎಂದಿದ್ದಾರೆ. ಒಪ್ಪಬಹುದಲ್ವಾ?

ಲೆಕ್ಕಶಾಖೆ

ಮೇಡಂ, ಒಪ್ಪುವ ಮೊದಲು ಅನುಮತಿ ತೆಗೆದುಕೊಳ್ಳಿ. ಸರ್ಕಾರದ ಹಿಡಿತದಲ್ಲಿರುವ ಸಂಸ್ಥೆಯ ನೌಕರರು ಹೊರದೇಶದಲ್ಲಿ ವಿದೇಶಿ ಮೂಲದ ಆತಿಥ್ಯ ಪಡೆಯಲು ಎಫ್‌ಸಿಆರ್‌ಎ ಸೆಕ್ಷನ್ 6ರ ಪ್ರಕಾರ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. ಉಚಿತ ವಸತಿಯೂ ಆತಿಥ್ಯವೇ. ಎಫ್‌ಸಿ-2 ನಮೂನೆ, ಆನ್‌ಲೈನ್‌ನಲ್ಲೇ ತುಂಬಬೇಕು, ಪ್ರಯಾಣಕ್ಕೆ ಎರಡು ವಾರ ಮೊದಲಾದರೂ ತಲುಪಿರಬೇಕು. ಡಿಎಸ್‌ಟಿ ಹಣದಲ್ಲೇ ಬಾಡಿಗೆ ಕಟ್ಟುವುದಾದರೆ ಈ ರಗಳೆ ಇಲ್ಲ. ಬಾಡಿಗೆಯ ರಸೀದಿ ಮಾತ್ರ ನಿಮ್ಮ ಹೆಸರಿನಲ್ಲಿ, ದಿನಾಂಕ ಸಮೇತ ತನ್ನಿ. ಜರ್ಮನ್ ಭಾಷೆಯಲ್ಲಿದ್ದರೆ ಪಕ್ಕದಲ್ಲಿ ಇಂಗ್ಲಿಷ್‌ನಲ್ಲಿ ಬರೆದು ನೀವೇ ಸಹಿ ಹಾಕಿ.